ಸಾತ್ವಿಕ ಬೆಕ್ಕು

ಜುಲೈ 2, ಬೆಳಿಗ್ಗೆ

ಚಾರ್ಟು ಮುಗಿಯಿತು. ಗಿಳಿಗೆ ಎಷ್ಟು ದೊಡ್ಡ ಪಂಜರ, ಮೀನಿಗೆ ಎಂಥ ನೀರು, ನಾಯಿಗೆ ಯಾವಾಗ ಲಸಿಕೆ. ನಾಳೆ ಯರಗಟ್ಟಿಯ ಪೆಟ್ ಶಾಪಿನಲ್ಲಿ ನನ್ನ ತರಗತಿ... ಅಂಗಡಿಯವರಿಗೂ, ಪ್ರಾಣಿ ಸಾಕಿದವರಿಗೂ. ರಿಟೈರಾದ ಈ ನೀಲಕಂಠ ಮಾಸ್ತರರಿಗೆ ಇದೊಂದು ಚಟ. ಬೈಲಹೊಂಗಲದಲ್ಲಿ ಆಯಿತು, ಕಿತ್ತೂರಿನಲ್ಲಿ ಆಯಿತು. ಚಪ್ಪಾಳೆ ಬೀಳುತ್ತದೆ, ಸುಳ್ಳೇಕೆ ಹೇಳಲಿ.

ನಮ್ಮ ಬೆಕ್ಕು ದ್ವಾದಶಿ ಚಾರ್ಟಿನ ಮೇಲೇ ನಡೆದುಹೋಯಿತು. ಆಮೇಲೆ ಬಾಗಿಲ ಚೌಕಟ್ಟಿಗೆ ಮುಖ ಬಡಿದುಕೊಂಡಿತು. ದ್ವಾದಶಿಯ ದಿನ ಮನೆಗೆ ಬಂದ ಮರಿ, ಹೆಂಡತಿ ಗಂಗೂಬಾಯಿ ಅದೇ ಹೆಸರಿಟ್ಟಳು. ಹಾಲು-ಅನ್ನ, ಮೊಸರನ್ನ, ಏಕಾದಶಿಗೆ ಬರೀ ಹಾಲು. ಇಲಿ ಹಿಡಿದು ಬಾಯಿ ಮೈಲಿಗೆ ಮಾಡಿಕೊಳ್ಳಬಾರದೆಂದು ಕಿಟಕಿಗೆಲ್ಲ ಜಾಲರಿ. ನೆಂಟರು ಬಂದರೆ ಮೊದಲು ದೇವರ ಮನೆ, ಆಮೇಲೆ ಸಾತ್ವಿಕ ಬೆಕ್ಕಿನ ದರ್ಶನ. ಅವಳು ತೋರಿಸುತ್ತಾಳೆ, ನಾನು ಪಕ್ಕದಲ್ಲಿ ನಗುತ್ತ ನಿಂತಿರುತ್ತೇನೆ.

ಜುಲೈ 3, ಸಂಜೆ

ಅಂಗಡಿ ನಡೆಸುವ ಮಹಾನಂದಾ ಚುರುಕು ಹುಡುಗಿ. ಒಬ್ಬ ಗಿರಾಕಿ ಬೆಕ್ಕಿಗೆ ಹಾಲು-ಅನ್ನ ಬಿಟ್ಟು ಏನೂ ಹಾಕುವುದಿಲ್ಲವಂತೆ, ಅವರಿಗೆ ಏನು ಹೇಳಲಿ ಎಂದಳು. ಶುರು ಹಚ್ಚಿಕೊಂಡೆ. ಬೆಕ್ಕು ನಾಯಿಯಲ್ಲ, ಅದಕ್ಕೆ ಮಾಂಸವೇ ಬೇಕು. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ನಮ್ಮ ಆಚಾರ ನಮಗೆ, ಬೆಕ್ಕಿನ ಮೇಲೆ ಹೇರುವುದು ಹಿಂಸೆ... ಮೇಜು ಬೇರೆ ಕುಟ್ಟಿದೆ.

ಆಗ ಕೇಳಿದಳು: "ಸರ್, ನಿಮ್ಮನ್ಯಾಗೂ ಬೆಕ್ಕ ಐತೆಂತಲ್ರಿ. ಅದಕ್ಕ ಏನ್ ಹಾಕ್ತೀರಿ?"

"ಮೀನಿಂದು," ಎಂದೆ. "ಪ್ಯಾಕೆಟ್ ಬರ್ತದಲ್ಲ, ಅದನ್ನ."

ಎಷ್ಟು ಸಲೀಸಾಗಿ ಬಂತು. ಹೊರಡುವಾಗ ಅಂಥದೇ ಒಂದು ಪ್ಯಾಕೆಟ್ಟನ್ನು ಕೈಗಿಟ್ಟಳು, ದ್ವಾದಶಿಗೆ ಉಡುಗೊರೆಯಂತೆ. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಹಾಕಿದೆ. ಮನೆಯೊಳಗೆ ತರಲಿಲ್ಲ. ಗಂಗೂಬಾಯಿ ಒಪ್ಪುವವಳಲ್ಲ.

ಜುಲೈ 6

ಏಕಾದಶಿ. ದ್ವಾದಶಿ ಹಾಲಿನ ಬಟ್ಟಲನ್ನು ತುಳಿದು ಚೆಲ್ಲಿತು. ಬಟ್ಟಲು ಎದುರಿಗೇ ಇತ್ತು.

ಕಣ್ಣ ಮುಂದೆ ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ. ಮೋಡ ಕವಿದಿದೆ, ಮನೆಯೊಳಗೆ ಬೆಳಕು ಕಡಿಮೆ ಎಂದುಕೊಂಡು ಎದ್ದುಬಂದೆ. ಪ್ಯಾಕೆಟ್ ಇನ್ನೂ ಡಿಕ್ಕಿಯಲ್ಲೇ ಇದೆ.

ಜುಲೈ 19

ಬರೆಯುವ ಮನಸ್ಸಾಗಿರಲಿಲ್ಲ.

ನಿನ್ನೆ ದ್ವಾದಶಿ ಅಡಿಗೆಮನೆ ಕಟ್ಟೆಯಿಂದ ಬಿತ್ತು. ಗಂಗೂಬಾಯಿ ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು. ಸ್ಕೂಟರ್ ತೆಗೆದೆ. ಆ ಪ್ಯಾಕೆಟ್ಟಿನ ಮೇಲೆಯೇ ಕೂತು ಹೋದೆವು, ನಾನು, ಅವಳು, ಬೆಕ್ಕು.

ಡಾಕ್ಟರು ಟಾರ್ಚ್ ಹಿಡಿದು ನೋಡಿದರು. ಏನು ಹಾಕುತ್ತೀರಿ ಎಂದು ಕೇಳಿದರು. ಅವಳು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರು ನನ್ನ ಕಡೆ ತಿರುಗಿ, "ಸರ್, ಬೆಕ್ಕಿಗೆ ಮಾಂಸ ಬೇಕಂತ ಎಲ್ಲಾರಿಗೂ ನೀವ ಹೇಳ್ತೀರಲ್ಲ?" ಎಂದರು. ಹೋದ ಕಣ್ಣು ಬಾರದಂತೆ. ಇನ್ನು ಸರಿಯಾಗಿ ಹಾಕಿದರೆ ಹೃದಯವಾದರೂ ಉಳಿದೀತು.

ಮನೆಗೆ ಬಂದು ಕೇಳಿದಳು: "ನಿಮಗ ಗೊತ್ತಿತ್ತೇನು?"

ಗೊತ್ತಿತ್ತು ಎಂದೆ. ನೀನು ಒಪ್ಪುತ್ತಿರಲಿಲ್ಲ ಎಂದೂ ಸೇರಿಸಿದೆ. ಮಾಸ್ತರನಲ್ಲವೇ, ಒಂದು ಮಾತು ಹೆಚ್ಚೇ.

"ಒಮ್ಮೆರ ಕೇಳೀರೇನು ನನ್ನ? ಊರ ಮಂದಿಗೆಲ್ಲಾ ಹೇಳಿದ್ರಿ. ನನಗ ಹೇಳಿದ್ರ ಹಿತ್ತಲದಾಗ ಒಂದು ಬಟ್ಟಲಾ ಇಡ್ತಿದ್ದೆ. ಅದರ ಕಣ್ಣಿಗಿಂತ ನನ್ನ ಮಡಿ ದೊಡ್ಡದಿತ್ತೇನ್ರಿ?"

ನಾಚಿಕೆ. ಮಡಿ ಅವಳದು, ಅದರ ಹಿಂದೆ ಅಡಗಿ ಕೂತವನು ನಾನು. ನೆಂಟರೆದುರಿನ ಆ ದರ್ಶನ ನನಗೂ ಬೇಕಾಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎನ್ನುತ್ತಾರೆ. ಹಾಲು ಕುಡಿದದ್ದು ಅದು, ಕಣ್ಣು ಮುಚ್ಚಿಕೊಂಡದ್ದು ನಾನು. ಡಿಕ್ಕಿಯಿಂದ ಪ್ಯಾಕೆಟ್ ತಂದು ಕೊಟ್ಟೆ. ಯಾವಾಗಿನದು ಎಂದು ಕೇಳಿದಳು. ಅದನ್ನೂ ಹೇಳಿದೆ.

ಜುಲೈ 23

ಹಿತ್ತಲಲ್ಲಿ, ಮೂಗಿಗೆ ಸೆರಗು ಒತ್ತಿಕೊಂಡು ಅವಳೇ ಹಾಕುತ್ತಾಳೆ. ದ್ವಾದಶಿ ವಾಸನೆ ಹಿಡಿದು ಬರುತ್ತದೆ. ಬಟ್ಟಲಿನ ಜಾಗ ಬದಲಿಸಕೂಡದೆಂದು ನನಗೆ ತಾಕೀತು. ಆಮೇಲೆ ಮತ್ತೊಮ್ಮೆ ಸ್ನಾನ ಮಾಡಿ ಒಳಗೆ ಹೋಗುತ್ತಾಳೆ. ನನ್ನೊಡನೆ ಬೇಕಾದಷ್ಟೇ ಮಾತು.

ಜುಲೈ 26, ಬೆಳಿಗ್ಗೆ

ಇವತ್ತು ಸವದತ್ತಿಯಲ್ಲಿ ತರಗತಿ. ಮಹಾನಂದಾಳೂ ಬರುತ್ತಾಳಂತೆ. ಜ್ವರವೆಂದು ಫೋನ್ ಮಾಡಿಬಿಡೋಣ ಅನ್ನಿಸಿತ್ತು. ಗಂಗೂಬಾಯಿ ಆಗಲೇ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಾಳೆ.

"ಮುಂದಿನ ಸಾಲಿನ್ಯಾಗ ಕೂಡ್ತೇನಿ. ಏನ್ ಹೇಳ್ತೀರಿ ಕೇಳೂಣು."

ಚಾರ್ಟು ಒಯ್ಯುವುದಿಲ್ಲ. ಮೊದಲ ಮಾತನ್ನಾದರೂ ಇಲ್ಲೇ ಬರೆದು ನೋಡಬೇಕು, ಅಲ್ಲಿ ಬಾಯಿ ಕಟ್ಟುತ್ತದೆ.

ನಮ್ಮ ಮನೆಯ ಬೆಕ್ಕಿಗೆ ಕಣ್ಣು ಕಾಣುವುದಿಲ್ಲ. ಯಾಕೆಂದರೆ ನಾನು—