ಲಿಂಗ ಹಿಡಿಯುವ ಕೈ

ಮುರಗೋಡ
೧೦ ನವೆಂಬರ್ ೨೦೨೫

ತಮ್ಮ ಶ್ರೀಶೈಲನಿಗೆ ಅಕ್ಕ ಸಾವಿತ್ರೆವ್ವನ ಆಶೀರ್ವಾದ. 'ಪ್ರೀತಿಯ' ಎಂದು ಬರೆಯಲು ಮನಸ್ಸು ಬರಲಿಲ್ಲ, ಬರೆದಿಲ್ಲ. ರಾಮದುರ್ಗದಲ್ಲಿ ಎಲ್ಲರೂ ಆರಾಮ ಇದ್ದೀರೆಂದು ತಿಳಿಯುತ್ತೇನೆ. ಭಾಗ್ಯಾಳ ಮೊಣಕಾಲು ನೋವು ಕಡಿಮೆಯಾಯಿತೇ? ನಿನ್ನ ಹೆಂಡತಿಯಾಗಿ ಪಡುವ ಕಷ್ಟವೇ ಸಾಕಿತ್ತು, ಅವಳಿಗೆ ಮೊಣಕಾಲು ಬೇರೆ. ನಿನ್ನ ಆರೋಗ್ಯ ಕೇಳುವುದಿಲ್ಲ. ಫೋನಿನಲ್ಲಿ ಬೈದರೆ ಕಟ್ ಮಾಡುತ್ತೀ, ಅದಕ್ಕೇ ಈ ಕಾಗದ.

ಅಪ್ಪನ ಪುಣ್ಯತಿಥಿಯ ದಿನ ನೀನು ಆಡಿದ ಮಾತನ್ನು ನಾನು ಮರೆತಿಲ್ಲ. ಎಡಭುಜ ಮೇಲೇಳದೆ, ಖಾಲಿ ಎಣ್ಣೆ ಡಬ್ಬಿಯ ಮೇಲೆ ಮೊಣಕೈ ಊರಿ ಲಿಂಗಪೂಜೆ ಮಾಡುತ್ತಿದ್ದೆ. ನೀನು ಬೀಗರ ಎದುರು, ಬಸಯ್ಯ ಸ್ವಾಮಿಗಳ ಎದುರು ಬಾಗಿಲಲ್ಲಿ ನಿಂತು, "ಅಕ್ಕಾ, ಲಿಂಗಾ ಹಿಡ್ಯಾಕ ಡಬ್ಬಿ ಬೇಕಾತೇನ? ಪೂಜಿ ಬಿಟ್ಟು ಸುಮ್ನ ಕುಂದ್ರ ಇನ್ನ" ಎಂದೆ. ಎಲ್ಲರೂ ನಕ್ಕರು. ಎಂಟನೇ ವಯಸ್ಸಿನಿಂದ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜಿಸದೆ ಬಾಯಿಗೆ ನೀರು ಹಾಕದವಳು ನಾನು, ಬಾಣಂತನದಲ್ಲೂ ಬಿಟ್ಟಿಲ್ಲ. ಮರುದಿನ ಹಟಕ್ಕೆ ಬಿದ್ದು ಡಬ್ಬಿಯನ್ನು ಆಚೆ ತಳ್ಳಿ ಕೂತೆ. ಕೈ ಸೋತು ಲಿಂಗ ಜಾರಿ ಉಡಿಗೆ ಬಿತ್ತು. ಒಂದು ಗೇಣು ಆಚೆಯಾಗಿದ್ದರೆ ನೆಲಕ್ಕೇ ಬೀಳುತ್ತಿತ್ತು. ಆ ದಿನ ಉಣ್ಣಲಿಲ್ಲ. ಅತ್ತದ್ದು ನೋವಿಗಲ್ಲ, ನಿನ್ನ ಮೇಲಿನ ಸಿಟ್ಟಿಗೆ.

ಬೈಲಹೊಂಗಲಕ್ಕೆ ಹೋದೆ. ಅಲ್ಲಿ ಶಿವಾನಿ ಎಂಬ ಫಿಜಿಯೋಥೆರಪಿ ಡಾಕ್ಟರ್ ಇದ್ದಾಳೆ, ಮೊಮ್ಮಗಳ ವಯಸ್ಸು. ನಾಲ್ಕು ತಿಂಗಳು ನಾನು ಭುಜಕ್ಕೆ ಎಣ್ಣೆ ತಿಕ್ಕಿದ್ದೆಲ್ಲ ದಂಡ. "ಭುಜದ್ದೇನೂ ತಪ್ಪಿಲ್ರಿ ಅಜ್ಜಿ. ಬೆನ್ನ ಕೆಲಸಾ ಮಾಡವಲ್ದು, ಅದರ ಪಾಲಿಂದೂ ಭುಜಾನ ಹೊರಾಕ ಹತ್ತೇತಿ" ಎಂದಳು. ಕೇಳಿದೊಡನೆ ನಮ್ಮ ಮನೆ ನೆನಪಾಯಿತು. ಅಪ್ಪ ಹಾಸಿಗೆ ಹಿಡಿದ ಎರಡು ವರ್ಷ ಅವರನ್ನು ಎತ್ತಿ ಮಗ್ಗುಲು ಬದಲಿಸಿದವಳು ನಾನೊಬ್ಬಳೇ. ನೀನು ಹಬ್ಬಕ್ಕೆ ಬಂದು ಪಾದ ಮುಟ್ಟಿ ಹೋಗುತ್ತಿದ್ದೆ.

ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆನ್ನಿನ ರೆಕ್ಕೆ ಎಲುಬಿನ ಕೆಳಗೆ ಬೆರಳಿಟ್ಟು, "ಭುಜಾ ಕಿವಿಗೆ ಏರಸಬ್ಯಾಡ್ರಿ, ನನ್ನ ಬೆರಳ ಇದ್ದಲ್ಲೆ ಬಿಗಿ ಹಿಡೀರಿ" ಎನ್ನುತ್ತಾಳೆ. ಹದಿನೈದು ದಿನ ಅಲ್ಲಿ ಮಾಂಸವೇ ಇಲ್ಲವೇನೋ ಅನ್ನಿಸಿತು. ಸ್ವಂತ ಬೆನ್ನು ಮಾತು ಕೇಳದಿದ್ದರೆ ಯಾರನ್ನು ಬೈಯುವುದು? ನಿನ್ನನ್ನೇ ಬೈದೆ. ಹದಿನಾರನೇ ದಿನ ಒಳಗೇನೋ ಬಿಗಿಯಾಯಿತು, ಕೈ ಹಗುರಾಗಿ ಎದ್ದಿತು. ಈಗ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ ದಿನಾ ಎರಡು ಹೊತ್ತು ಎಳೆಯುತ್ತೇನೆ. ಆ ತುದಿಯಲ್ಲಿರುವುದು ನಿನ್ನ ಕಿವಿ ಎಂದುಕೊಂಡು ಎಳೆಯುತ್ತೇನೆ, ಬೇಗ ಗುಣವಾಗುತ್ತಿದೆ. ನಿನ್ನೆ ಡಬ್ಬಿಯಿಲ್ಲದೆ, ಕಣ್ಣಿನ ಮಟ್ಟಕ್ಕೆ ಲಿಂಗ ಹಿಡಿದು ಪೂಜೆ ಮುಗಿಸಿದೆ. ನಿನಗೆ ಖುಷಿಯಾಗಲಿ ಎಂದು ಇದನ್ನು ಬರೆಯುತ್ತಿಲ್ಲ.

ಭಾಗ್ಯಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ನಿನಗೆ ಮೇಲೆ ಬರೆದದ್ದೇ ಸಾಕು.

ನಿನ್ನ ಅಕ್ಕ (ಅದನ್ನು ಬದಲಿಸಲು ಬರುವುದಿಲ್ಲ),
ಸಾವಿತ್ರೆವ್ವ

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಭಾಗ್ಯಾ ಫೋನ್ ಮಾಡಿ ಅತ್ತಳು. ನಿನ್ನ ಎಡಗೈಯೂ ಏಳುತ್ತಿಲ್ಲವಂತೆ. ಕೋಣೆಯ ಬಾಗಿಲು ಹಾಕಿಕೊಂಡು, ದಿಂಬಿನ ಮೇಲೆ ಕೈ ಊರಿ ಪೂಜೆ ಮಾಡುತ್ತೀಯಂತೆ, ಅದೂ ನನ್ನನ್ನು ನೋಡಿ ನಗುವುದಕ್ಕೆ ಮೊದಲಿನಿಂದ. ಹೋದ ವಾರ ಅದೂ ಆಗದೆ ಎರಡು ದಿನ ಉಪವಾಸ ಕೂತೆಯಂತೆ. ಮೂರ್ಖ. ಇಪ್ಪತ್ತನೇ ತಾರೀಖು ಗುರುವಾರ, ಬೆಳಿಗ್ಗೆ ಹತ್ತಕ್ಕೆ ಶಿವಾನಿಯ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಒಳಗೆ ಹೋದ ಮೇಲೆ ಬಾಗಿಲು ನಾನೇ ಹಾಕುತ್ತೇನೆ, ಯಾರೂ ನೋಡುವುದಿಲ್ಲ.