ಕಿಲ್‌ಬ್ರಾಕ್ ಗೇಟಿನ ಮನೆಯ ಬಾಗಿಲು

ಡ್ರಮ್‌ಗಾರ್ವ, ಲೀಟ್ರಿಮ್
೯ ನವೆಂಬರ್ ೧೯೯೫, ಗುರುವಾರ

ಪ್ರೀತಿಯ ಡಿಂಪ್ನಾ,

ಹೇಗಿದ್ದೀಯ? ಮಂಡಿ ನೋವು ಹೇಗಿದೆ? ಬಂಡೋರನ್ನಿನ ಸಮುದ್ರದ ಗಾಳಿ ನಿನ್ನ ಎದೆಗೆ ಆಗುವುದಿಲ್ಲ ಅಂತ ನಿನಗೂ ಗೊತ್ತು, ನಿನ್ನ ತಂಗಿ ಊನಾಗೂ ಗೊತ್ತು. ಕಂದು ಬಾಟಲಿಯ ಔಷಧಿಯನ್ನು ಇಲ್ಲೇ ಕಿಟಕಿಯಲ್ಲಿ ಬಿಟ್ಟು ಹೋಗಿದ್ದೀಯ. ಅದನ್ನು ಹೇಳೋಣ ಅಂತಲೇ ಆರು ಸಲ ಫೋನ್ ಮಾಡಿದೆ. ಆರು ಸಲವೂ ಊನಾ ಒಂದೇ ಮಾತು ಹೇಳಿದಳು, ನೀನು ಚರ್ಚಿಗೆ ಹೋಗಿದ್ದೀಯ ಅಂತ. ಪಾದ್ರಿಯಾದರೂ ಮಧ್ಯೆ ಊಟಕ್ಕೆ ಮನೆಗೆ ಹೋಗುತ್ತಾನೆ ಮಾರಾಯ್ತಿ. ಹತ್ತು ದಿನದಿಂದ ಚರ್ಚಿನಲ್ಲೇ ಇರುವವಳು ನೀನೊಬ್ಬಳೇ ಇರಬೇಕು. ಅದಕ್ಕೇ ಈ ಕಾಗದ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಎರಡು ಸಲ ಆಲೂಗಡ್ಡೆ ಸೀದುಹೋಯಿತು, ಒಲೆ ಮೂರು ಸಲ ಆರಿತು, ಅಷ್ಟೇ.

ಇನ್ನು ಇಲ್ಲಿಯ ಸಮಾಚಾರ. ಹೇಳಲು ಹೊರಟರೆ ತಲೆ ಚಿಟ್ಟು ಹಿಡಿಯುತ್ತದೆ. ನನ್ನ ಮಾಡೆಲ್ ರೈಲಿನ ಇಂಜಿನ್ನು ಓಡುತ್ತಿಲ್ಲ. ಮೂರು ವರ್ಷ ಹಿತ್ತಾಳೆ ತಗಡು ಕತ್ತರಿಸಿ, ಒಂದೊಂದು ರಿವೆಟ್ಟನ್ನೂ ಹಿಂದಿನಿಂದ ಒತ್ತಿ ಎಬ್ಬಿಸಿ ಮಾಡಿದ ಇಂಜಿನ್ನು. ಒಟ್ಟು ಇನ್ನೂರ ಹನ್ನೆರಡು ರಿವೆಟ್ಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಗೇಣುದ್ದವೂ ಇಲ್ಲದ ಆ ಪಿಶಾಚಿ ಸ್ಟೇಷನ್ನಿನಿಂದ ಹೊರಟು ಸೇತುವೆ ದಾಟುತ್ತದೆ, ತಿರುವು ದಾಟುತ್ತದೆ, ಕಿಲ್‌ಬ್ರಾಕ್ ಗೇಟಿನ ಹತ್ತಿರ ಬಂದ ಕೂಡಲೇ ಮುಂದಿನ ಚಕ್ರ ಹಳಿ ಹತ್ತಿ ಪಕ್ಕಕ್ಕೆ ಮಗುಚಿಕೊಳ್ಳುತ್ತದೆ. ಬೇರೆಲ್ಲೂ ಇಲ್ಲ, ಅಲ್ಲಿಯೇ. ಹಳಿ ಕಿತ್ತು ಮತ್ತೆ ಹಾಕಿದೆ. ಇಪ್ಪತ್ತೊಂದು ಮಿಲಿಮೀಟರ್ ಅಗಲ ಇರಬೇಕು, ಅಷ್ಟೇ ಇದೆ. ಬೆಸುಗೆ ನೋಡಿದೆ, ಚಕ್ರ ನೋಡಿದೆ, ಹಳಿಯ ಕೆಳಗೆ ಕಾಗದ ಇಟ್ಟೆ. ಊಹೂಂ. ಬಸ್ ಡಿಪೋದಲ್ಲಿ ಮೂವತ್ತೈದು ವರ್ಷ ಡೀಸೆಲ್ ಇಂಜಿನ್ನುಗಳ ಕಿವಿ ಹಿಂಡಿದವನು ನಾನು, ಇದು ನನ್ನ ಕಿವಿ ಹಿಂಡುತ್ತಿದೆ.

ಇದು ಸಾಲದು ಅಂತ ಯೂಜಿನ್ ಬೇರೆ. ನಮ್ಮ ಕ್ಲಬ್ಬಿನಲ್ಲಿ ಅವನಿಗೆ ಗೊತ್ತಿಲ್ಲದ್ದು ಅಂತ ದೇವರು ಏನನ್ನೂ ಸೃಷ್ಟಿಸಿಲ್ಲವಲ್ಲ. ಇಂಜಿನ್ನಿಗೆ ಬೂದು ಬಣ್ಣ ಹಚ್ಚಿದ್ದು ತಪ್ಪಂತೆ, ನಲವತ್ತೆಂಟನೇ ಇಸವಿಯವರೆಗೂ ಹಸಿರೇ ಇತ್ತಂತೆ. ಸೋಮವಾರ ಬಂದು ಒಂದು ಗಂಟೆ ಕೂತು ಕೊರೆದ. ಇರುವುದೆಲ್ಲ ಕಪ್ಪು ಬಿಳುಪು ಫೋಟೊ, ಅದರಲ್ಲಿ ಹಸಿರು ಎಲ್ಲಿಂದ ಕಂಡೆಯೋ ಅಂದರೆ, ನೋಡುವ ಕಣ್ಣು ಬೇಕು ಅನ್ನುತ್ತಾನೆ. ಹದಿನೆಂಟನೇ ತಾರೀಕು ಶನಿವಾರ ಚರ್ಚಿನ ಹಾಲ್‌ನಲ್ಲಿ ಪ್ರದರ್ಶನ. ಪ್ರವೇಶದ ಚೀಟಿಗಳು ಅಚ್ಚಾಗಿವೆ, ಜಿಲ್ಲೆಯ ಪತ್ರಿಕೆಯವರು ಬರುತ್ತಾರೆ. ಇಂಜಿನ್ನು ಮಗುಚಿ ಬಿದ್ದಿದೆ, ಬಣ್ಣಕ್ಕೆ ಜಗಳ ನಡೆದಿದೆ, ನೀನು ಬಂಡೋರನ್ನಿನಲ್ಲಿದ್ದೀಯ. ಹೀಗಿದೆ ನನ್ನ ವೈಭವ.

ಆ ಭಾನುವಾರದ ವಿಷಯ ಎತ್ತಬಾರದು ಅಂತಿದ್ದೆ. ಆದರೆ ಎತ್ತದೆ ಈ ಕಾಗದ ಮುಂದಕ್ಕೆ ಹೋಗುವುದಿಲ್ಲ. ಯೂಜಿನ್ ಮತ್ತು ಇನ್ನಿಬ್ಬರು ಮಾಡೆಲ್ ನೋಡಲು ಬಂದರು. ನೀನು ಸೇಬಿನ ಟಾರ್ಟ್ ಮಾಡಿದ್ದೆ, ಒಳ್ಳೆಯ ಕಪ್ಪುಗಳನ್ನು ತೆಗೆದಿದ್ದೆ. ನಾನು ಹಿಂದಿನ ಕೋಣೆಯಲ್ಲಿ ನಿಂತು ಅವರಿಗೆ ಎಲ್ಲವನ್ನೂ ವಿವರಿಸುತ್ತಿದ್ದೆ. ಗೇಟಿನ ಪಕ್ಕದ ಈ ಪುಟ್ಟ ಮನೆ ನನ್ನ ಮಾವನದು, ಮಾವ ಹಳಿ ರಿಪೇರಿಯ ಗ್ಯಾಂಗಿನಲ್ಲಿದ್ದರು, ಅತ್ತೆ ಗೇಟು ಕಾಯುತ್ತಿದ್ದರು, ಆ ಕೆಲಸಕ್ಕಾಗಿಯೇ ಮನೆಗೆ ಬಾಡಿಗೆ ಇರಲಿಲ್ಲ, ಹೀಗೆ. ನೀನು ಹುಟ್ಟಿದ ಮನೆಯ ಕಥೆಯನ್ನು ನಿನ್ನ ಎದುರಿಗೇ, ಟ್ರೇ ಹಿಡಿದು ನಿಂತ ನಿನ್ನ ತಲೆಯ ಮೇಲಿಂದ, ನಾನು ಊರವರಿಗೆ ಹೇಳುತ್ತಿದ್ದೆ. ಅದು ಆಗ ನನಗೆ ಹೊಳೆಯಲಿಲ್ಲ. ನೀನು ಟ್ರೇ ಇಟ್ಟೆ. ಬಗ್ಗಿ ನೋಡಿದೆ. ಹಳಿಯ ಕಡೆಗಿದ್ದ ಬಾಗಿಲು ತೆರೆದಿತ್ತು. ಹೊಸ್ತಿಲಲ್ಲಿ ಇಂಗ್ಲೆಂಡಿನಿಂದ ತರಿಸಿದ ಪೊಟ್ಟಣದ ಆ ಪುಟ್ಟ ಮಗುವಿನ ಗೊಂಬೆ, ಇಂಜಿನ್ನಿಗೆ ಕೈ ಎತ್ತಿ ನಿಂತಿತ್ತು. ಅದರ ಹಿಂದೆ ಏಪ್ರನ್ ತೊಟ್ಟ ಹೆಂಗಸು. ನನಗೆ ಅದರ ಮೇಲೆ ಎಷ್ಟು ಹೆಮ್ಮೆ ಅಂದರೆ, ಅದು ನಿಮ್ಮಮ್ಮ ಅಂತ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು.

ನೀನು ಹೇಳಿದ್ದು ಎರಡೇ ಮಾತು. "ಆ ಬಾಗಿಲು ಮುಚ್ಚು, ಫೆಲಿಮ್. ಅಲ್ಲಿ ಯಾರೂ ನಿಲ್ತಿರ್ಲಿಲ್ಲ."

ನಾನೇನು ಮಾಡಿದೆ? ಆ ಮನೆಯ ಹಳೇ ಫೋಟೊ ತಂದು ಮೇಜಿನ ಮೇಲೆ ಹಾಕಿದೆ. ಐವತ್ತೆಂಟರಲ್ಲಿ ಯಾರೋ ಇಂಗ್ಲಿಷಿನವನು ತೆಗೆದದ್ದು. ಡಬ್ಲಿನ್ನಿನಿಂದ ತರಿಸಿದ ರೈಲ್ವೆ ಕಂಪನಿಯ ನಕ್ಷೆಯನ್ನೂ ಬಿಚ್ಚಿದೆ. ನೋಡು, ಬಾಗಿಲು ಇದೆ, ಇಲ್ಲೂ ಇದೆ, ಇಲ್ಲೂ ಇದೆ. ಆಮೇಲೆ ಆ ಮೂವರ ಎದುರಿಗೆ ನಗುತ್ತಾ ಅಂದೆ: "ಗೇಟಿನ ಮನೇಲಿ ಹುಟ್ಟಿದ ಮಾತ್ರಕ್ಕೆ ರೈಲು ಗೊತ್ತಿರುತ್ತಾ? ನೀನು ಟೀ ನೋಡ್ಕೋ." ಯೂಜಿನ್ ನಕ್ಕ. ನೀನು ಟೀ ನೋಡಿಕೊಂಡೆ. ಮಾರನೇ ದಿನ ಬೆಳಿಗ್ಗೆ ಕೋಟು ಹಾಕಿಕೊಂಡು ಬಂಡೋರನ್ನಿನ ಬಸ್ಸು ಹತ್ತಿದೆ. ನಾನು ಕೆಲವು ದಿನ ನಿನ್ನ ಮೇಲೇ ಸಿಟ್ಟು ಮಾಡಿಕೊಂಡು ಓಡಾಡಿದೆ. ಒಂದು ಬಾಗಿಲಿಗಾಗಿ ಇಷ್ಟು ರಂಪವೇ, ಅದೂ ಫೋಟೊದಲ್ಲಿ ಎದ್ದು ಕಾಣುವ ಬಾಗಿಲಿಗಾಗಿ ಅಂತ ಗೋಡೆಗೆ ಹೇಳಿದೆ. ಗೋಡೆ ನನ್ನ ಪಕ್ಷವೇ ಇತ್ತು.

ಮೊನ್ನೆ ಮಂಗಳವಾರ ಇಂಜಿನ್ನು ಮತ್ತೆ ಬಿತ್ತು. ಈ ಸಲ ನೇರವಾಗಿ ಹೊಸ್ತಿಲ ಮೇಲೆಯೇ ಬಿತ್ತು. ಮಗುವಿನ ಗೊಂಬೆ ಅಂಟು ಕಿತ್ತುಕೊಂಡು ಕೆಳಗೆ ಹಾರಿತು. ಮೇಜಿನ ಕೆಳಗೆ ಮಂಡಿಯೂರಿ, ಟಾರ್ಚು ಹಿಡಿದು ಹುಡುಕಿದೆ. ಕಡ್ಡಿಪೆಟ್ಟಿಗೆಯ ಕಡ್ಡಿಯ ಅರ್ಧದಷ್ಟೂ ಇಲ್ಲದ ಗೊಂಬೆ ಸಿಗಬೇಕಲ್ಲ. ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ನೀನಿದ್ದಿದ್ದರೆ ಜಪಮಾಲೆ ಹಿಡಿಯುತ್ತಿದ್ದೆ. ಕೊನೆಗೆ ಕಂಬಳಿಯ ಅಂಚಿನಲ್ಲಿ ಸಿಕ್ಕಿತು, ಎತ್ತಿದ ಕೈ ಮುರಿದಿತ್ತು. ಮತ್ತೆ ಅಂಟಿಸಲು ಯಾಕೋ ಮನಸ್ಸಾಗಲಿಲ್ಲ, ಕಿಟಕಿಯಲ್ಲಿ ನಿನ್ನ ಔಷಧಿಯ ಪಕ್ಕ ಇಟ್ಟೆ.

ನಿನ್ನೆ ಚರ್ಚಿನಿಂದ ನವೆಂಬರಿನ ಲಕೋಟೆ ಬಂತು, ಪ್ರಾರ್ಥನೆಗಾಗಿ ಸತ್ತವರ ಹೆಸರು ಬರೆದು ಕೊಡಬೇಕಾದದ್ದು. ಮೂವತ್ನಾಲ್ಕು ವರ್ಷ ನೀನು ಬರೆದೆ, ನಾನು ಒಯ್ದು ಪೆಟ್ಟಿಗೆಗೆ ಹಾಕಿದೆ. ಈ ವರ್ಷ ಬರೆಯುವವರಿಲ್ಲ, ನಾನೇ ಕೂತೆ. ನನ್ನ ಅಪ್ಪ, ಅಮ್ಮ, ನಿನ್ನ ಅಪ್ಪ, ಅಮ್ಮ. ಕೊನೆಯಲ್ಲಿ ನೀನು ಯಾವಾಗಲೂ ಬರೆಯುತ್ತಿದ್ದೆಯಲ್ಲ, "ಫಿಂಟನ್, ಎರಡು ವರ್ಷ". ಅದನ್ನೂ ಬರೆದೆ. ಬರೆದ ಮೇಲೆ ಪೆನ್ನು ಅಲ್ಲೇ ನಿಂತಿತು. ನಿನಗೊಬ್ಬ ತಮ್ಮನಿದ್ದ, ಚಿಕ್ಕಂದಿನಲ್ಲೇ ಹೋದ ಅಂತ ಗೊತ್ತಿತ್ತು. ಆ ಕಾಲದಲ್ಲಿ ಮಕ್ಕಳು ಜ್ವರಕ್ಕೋ ಕೆಮ್ಮಿಗೋ ಹೋಗುತ್ತಿದ್ದವು, ನಾನೂ ಹಾಗೇ ಅಂದುಕೊಂಡು ಕೂತವನು. ಕೇಳಲೇ ಇಲ್ಲ. ಇಂಜಿನ್ನಿನ ಬಣ್ಣಕ್ಕಾಗಿ ಇಪ್ಪತ್ತು ಜನಕ್ಕೆ ಕಾಗದ ಬರೆದವನು, ಪಕ್ಕದಲ್ಲಿ ಮಲಗುವವಳನ್ನು ಇದೊಂದು ಕೇಳಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದವನು ಅಂದರೆ ನಾನೇ.

ಎದ್ದು ಹೋಗಿ ಭೂತಗನ್ನಡಿ ಹಿಡಿದು ಆ ಫೋಟೊ ನೋಡಿದೆ. ಮೂರು ವರ್ಷ ಅದೇ ಫೋಟೊ, ಅದೇ ಕನ್ನಡಿ. ಆದರೆ ಕನ್ನಡಿಯನ್ನು ಇಂಜಿನ್ನಿನಿಂದ ಆಚೆಗೆ ಒಂದು ಬೆರಳು ಸರಿಸಿರಲಿಲ್ಲ. ಈಗ ಸರಿಸಿದೆ. ಬಾಗಿಲಿದೆ, ಹೌದು. ಹೊಸ್ತಿಲ ಮುಂದೆ ಮಂಡಿ ಎತ್ತರಕ್ಕೆ ತುರಿಕೆಗಿಡ ಬೆಳೆದಿದೆ. ಬಾಗಿಲಿಗೆ ಅಡ್ಡವಾಗಿ ಒಂದು ಹಲಗೆ ಬಡಿದಿದೆ. ಹೊಗೆಯಲ್ಲಿ ಅರ್ಧ ಮುಚ್ಚಿದೆ, ಆದರೂ ಹಲಗೆಯೇ, ಮೊಳೆಯ ತಲೆ ಕಾಣುತ್ತದೆ. ಜನ ನಡೆದು ಸವೆದ ದಾರಿ ಗೇಟಿನಿಂದ ಹೊರಟು ಗೋಡೆಯ ಪಕ್ಕದಲ್ಲಿ ಮನೆಯ ಹಿಂದಕ್ಕೆ ಹೋಗುತ್ತದೆ. ಬಾಗಿಲಿನ ಕಡೆಗೆ ಒಂದು ಹೆಜ್ಜೆಯ ಗುರುತೂ ಇಲ್ಲ. ಇನ್ನೂರ ಹನ್ನೆರಡು ರಿವೆಟ್ಟು ಎಣಿಸಿದ ಕಣ್ಣಿಗೆ ಅಷ್ಟು ದೊಡ್ಡ ತುರಿಕೆಗಿಡ ಕಾಣಲಿಲ್ಲ ನೋಡು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಕನ್ನಡಿಯನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಅದು ನಿನ್ನ ಅಪ್ಪನದು.

ಇಷ್ಟೇ ಸಮಾಚಾರ. ಯೂಜಿನ್ ಇವತ್ತು ಮತ್ತೆ ಬಂದಿದ್ದ, ಕೈಯಲ್ಲಿ ಹಸಿರು ಬಣ್ಣದ ಡಬ್ಬಿ. ನಿನಗೆ ಬೇಕಾದ ಬಣ್ಣ ನೀನೇ ಬಳಿದುಕೊಳ್ಳೋ ಮಾರಾಯ, ನನಗೆ ಬೇರೆ ಕೆಲಸವಿದೆ ಅಂದೆ. ಆ ಭಾನುವಾರ ನೀನು ನಕ್ಕಿದ್ದು ತಪ್ಪು, ನಾನು ನಗಿಸಿದ್ದು ಅದಕ್ಕಿಂತ ತಪ್ಪು ಅಂತಲೂ ಹೇಳಿದೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಡಬ್ಬಿ ಇಲ್ಲೇ ಮರೆತು ಹೋದ. ನಿನ್ನ ಟಾರ್ಟಿನ ತಟ್ಟೆ ತೊಳೆದಿಟ್ಟಿದ್ದೇನೆ, ಸರಿಯಾಗಿ ತೊಳೆದಿಲ್ಲ ಅಂತ ನೀನು ಹೇಳುತ್ತೀಯ ಅಂತಲೂ ಗೊತ್ತು. ಊನಾಗೆ ನನ್ನ ನಮಸ್ಕಾರ ಹೇಳು, ಅವಳಿಗೆ ಅದು ಬೇಡವಾದರೂ ಹೇಳು. ಔಷಧಿಯನ್ನು ನಾಳೆಯ ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತೇನೆ, ಊಟ ಆದ ಮೇಲೆ ಎರಡು ಚಮಚ. ತಣ್ಣನೆಯ ಗಾಳಿಗೆ ಹೋಗಬೇಡ. ದೇವರು ಮತ್ತು ಮೇರಿ ಮಾತೆ ನಿನ್ನ ಜೊತೆಗಿರಲಿ.

ಇಂತಿ, ನಿನ್ನ ಮೊಂಡ ಗಂಡ,
ಫೆಲಿಮ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಫಿಂಟನ್ ಆ ಬಾಗಿಲಿನಿಂದಲೇ ಹೊರಗೆ ಬಂದು ಹಳಿಗೆ ಹೋದ, ಅಲ್ಲವಾ? ನಿಮ್ಮಮ್ಮ ಗೇಟಿನ ಹತ್ತಿರ ಇದ್ದಾಗ. ಆಮೇಲೆ ನಿಮ್ಮಪ್ಪ ಅದಕ್ಕೆ ಹಲಗೆ ಬಡಿದರು. ನಾನು ಅದೇ ಬಾಗಿಲು ತೆರೆದು, ಅಲ್ಲೊಂದು ಮಗು ನಿಲ್ಲಿಸಿ, ಎದುರಿಗೆ ಇಂಜಿನ್ನು ಓಡಿಸಿ, ನೋಡು ಅಂತ ನಿನಗೆ ಹೇಳಿದೆ. ಕ್ಷಮಿಸು ಡಿಂಪ್ನಾ. ಬಾಗಿಲು ಮುಚ್ಚಿದ್ದೇನೆ. ಹಲಗೆಯನ್ನೂ ಬಡಿದಿದ್ದೇನೆ, ನಿನ್ನ ಹೊಲಿಗೆ ಪೆಟ್ಟಿಗೆಯ ಗುಂಡುಸೂಜಿ ಕತ್ತರಿಸಿ ಮೊಳೆ ಮಾಡಿದೆ. ಹಸಿರು ಉಲ್ಲನ್ನಿನಲ್ಲಿ ತುರಿಕೆಗಿಡವನ್ನೂ ನೆಟ್ಟೆ. ಪ್ರದರ್ಶನಕ್ಕೆ ಹೋಗಬೇಕೋ ಬೇಡವೋ ನೀನು ಹೇಳಿದ ಹಾಗೆ. ಬೇಡ ಅಂದರೆ ಬೇಡ, ಚೀಟಿ ಅಚ್ಚಾಗಿದ್ದರೆ ಆಗಲಿ. ಆದರೆ ಒಂದು ವಿಷಯ. ರೈಲಿನ ಹುಚ್ಚಿನವರು ತೆಗೆದ ಫೋಟೊಗಳೆಲ್ಲ ಹಳಿಯ ಕಡೆಯಿಂದಲೇ. ಮನೆಯ ಹಿಂಭಾಗದ ಫೋಟೊ ಯಾರ ಹತ್ತಿರವೂ ಇಲ್ಲ, ಡಬ್ಲಿನ್ನಿನಲ್ಲೂ ಇಲ್ಲ. ಅಲ್ಲಿ ಏನೇನಿತ್ತು? ಬಟ್ಟೆ ಒಣಗಿಸುವ ಹಗ್ಗ ಎಲ್ಲಿತ್ತು, ಕೋಳಿ ಗೂಡು ಯಾವ ಕಡೆ, ನೀನೂ ಅವನೂ ಎಲ್ಲಿ ಆಡುತ್ತಿದ್ದಿರಿ? ಬಂದು ಹೇಳು, ನೀನು ಹೇಳಿದಂತೆಯೇ ಕಟ್ಟುತ್ತೇನೆ, ಫೋಟೊ ಕೇಳುವುದಿಲ್ಲ. ಮಗುವಿನ ಕೈ ಅಂಟಿಸಿದ್ದೇನೆ. ಅವನನ್ನು ಆ ಹಿತ್ತಲಲ್ಲಿ ನಿಲ್ಲಿಸೋಣ.