ನೀಲಿ ಕೈಗಳಿಗೆ ನೀರು

ಮೇ 4, ಭಾನುವಾರ
ಹಿತ್ತಾಳೆ ಹೂಜಿ ಉಜ್ಜಿದೆ. ನಿಂಬೆಹಣ್ಣು, ಬೂದಿ. ಫಳಫಳ. ಮತ್ತೆ ಕಪಾಟಿಗೆ.

ಮುದಿ ಯಾಜಕರು ಹೈಫಾಕ್ಕೆ ಮಗಳ ಮನೆಗೆ ಹೋದಾಗಿನಿಂದ ನಮ್ಮ ಯೆಹೂದಿ ಸಭಾಮಂದಿರದಲ್ಲಿ ಆಶೀರ್ವಾದವೇ ಇಲ್ಲ. ಆಶೀರ್ವದಿಸುವುದು ಯಾಜಕ ವಂಶದವರ ಕೆಲಸ. ಮೊದಲು ಅವರ ಕೈಗೆ ನೀರು ಹಾಕುವುದು ಲೇವಿಗಳ ಕೆಲಸ. ಸಫೇದ್ ಊರಿನ ಈ ಓಣಿಗೆ ಲೇವಿ ನಾನೊಬ್ಬನೇ. ಬಸ್ಸಿನ ಸ್ಟಿಯರಿಂಗ್ ಬಿಟ್ಟಮೇಲೆ ಉಳಿದಿದ್ದ ಡ್ಯೂಟಿ ಇದೊಂದೇ— ಅದೂ ಹೋಯಿತು.

ನನ್ನ ಹೆಂಡತಿ ಫೊರ್ಟುನಾಗೆ ನಗು. "ಯಾರಿಗ್ರೀ ಹೀಗೆ ಉಜ್ತೀರ? ನನ್ನ ಕೈಗಾದ್ರೂ ನೀರು ಹಾಕಿ, ಹಿಟ್ಟು ಮೆತ್ಕೊಂಡಿದೆ!"

"ನಲ್ಲಿ ಇದೆಯಲ್ಲ" ಅಂದೆ.

ಮೇ 7, ಬುಧವಾರ
ಮೂಲೆ ಅಂಗಡಿಗೆ ಹೊಸ ಬಾಡಿಗೆದಾರ. ಎಲ್ಯಾಶೀಬ್ ಕಹಾನಾ. ಅಂದರೆ ಯಾಜಕ ವಂಶ! ಕುಣಿಯುವುದೊಂದು ಬಾಕಿ. ಹೆಂಡತಿ, ಎಳೆಗೂಸು. ಹುಡುಗ ಸಂಕೋಚದವನು, ಜೇಬಿನಿಂದ ಕೈ ತೆಗೆಯುವುದೇ ಇಲ್ಲ.

ಮೇ 10, ಶನಿವಾರ, ಸಬ್ಬತ್ ಮುಗಿದ ಮೇಲೆ
ಆಶೀರ್ವಾದದ ಹೊತ್ತಿಗೆ ಹೂಜಿ ಹಿಡಿದು ಅಂಗಳದಲ್ಲಿ ನಿಂತೆ. ಪುಣ್ಯಾತ್ಮ ನನ್ನ ಪಕ್ಕದಿಂದಲೇ ನುಸುಳಿ ಬೀದಿಗೆ ಇಳಿದುಬಿಟ್ಟ! ಪಿತ್ತ ನೆತ್ತಿಗೇರಿತು. ಬೆನ್ನಟ್ಟಿದೆ.

"ಏನಯ್ಯಾ, ನಾಲ್ಕು ಒಳ್ಳೇ ಮಾತು ಹೇಳಿದ್ರೆ ನಿನ್ನ ಗಂಟೇನಾದ್ರೂ ಹೋಗತ್ತಾ?"

ಜೇಬಿನಿಂದ ಕೈ ತೆಗೆದ. ಮಣಿಕಟ್ಟಿನವರೆಗೆ ನೀಲಿ. ಉಗುರೂ ನೀಲಿ. ಕಸುಬು ಬಣ್ಣ ಹಾಕುವುದು— ಪ್ರಾರ್ಥನೆಯ ಶಾಲಿನ ಕುಚ್ಚಿಗೆ ಬೇಕಾದ ನೀಲಿಯನ್ನು ಸಮುದ್ರದ ಬಸವನಹುಳುವಿನಿಂದ ತೆಗೆಯುತ್ತಾನಂತೆ.

"ಬಣ್ಣದ ಕೈ ಎತ್ತಬಾರದು, ಜನ ಅದನ್ನೇ ನೋಡ್ತಾರೆ ಅಂತ ಹಳೇ ಊರಲ್ಲಿ ಬೇಡ ಅಂದ್ರು, ಸಾಸೋನಣ್ಣ. ಈಗ ಮಗಳು ಹುಟ್ಟಿದಾಳೆ. ಅವಳೂ ಅಲ್ಲಿದ್ದಾಗ ಒಂದ್ಸಲ ನಿಂತು ಆಶೀರ್ವದಿಸ್ಬೇಕು ಅಂತ ಆಸೆ..."

ಛೆ. ನನ್ನ ಬಾಯಿಗಿಷ್ಟು. ಸಭಾಮಂದಿರದ ಮೇಲ್ವಿಚಾರಕ ಒಬಾದ್ಯನೂ ಬಣ್ಣದ ಕೈ ಬೇಡ ಅಂದ. ನಮ್ಮಲ್ಲಿ ಯಾಜಕರು ಮುಖಕ್ಕೆ ಮಾತ್ರ ಶಾಲು ಎಳೆದುಕೊಳ್ಳುತ್ತಾರೆ, ಕೈ ಹೊರಗೇ ಇರುತ್ತದೆ. ಎಲ್ಲರಿಗೂ ಕಾಣುತ್ತದೆ.

ಮೇ 12, ಸೋಮವಾರ
ಹುಡುಗನ ಕೈ ಉಜ್ಜಿದೆ. ನಿಂಬೆ, ಸೋಡಾ, ಸೀಮೆಎಣ್ಣೆ. ಟವೆಲ್ ನೀಲಿಯಾಯಿತು, ಕೈ ಬಿಳಿಯಾಗಲಿಲ್ಲ.

ನಮ್ಮ ಗುರು ರಬ್ಬಿ ಹನನ್ಯರ ಹತ್ತಿರ ಓಡಿದೆ. ನನ್ನನ್ನೇ ಗದರಿದರು. "ಹಿಂದಿನ ಕಾಲದ ದೇವಾಲಯದಲ್ಲಿ ತಾಮ್ರದ ಗಂಗಾಳ ಇತ್ತಲ್ಲ, ಸಾಸೋನ್? ಮಿಂದು ಮಡಿಯಾಗಿ ಬಂದ ಯಾಜಕನೂ ಅಲ್ಲಿ ಕೈಕಾಲು ತೊಳೀಲೇಬೇಕಿತ್ತು. ಬಲಗೈ ಬಲಗಾಲ ಮೇಲೆ, ಎಡಗೈ ಎಡಗಾಲ ಮೇಲೆ ಇಟ್ಕೊಂಡು. ತೊಳೀದೆ ಸೇವೆಗೆ ನಿಂತ್ರೆ ಪ್ರಾಣಕ್ಕೇ ಸಂಚಕಾರ. ಅದು ಕೊಳೆ ತೆಗೆಯೋಕಲ್ಲಪ್ಪ. ಕೈಯನ್ನ ಆ ಕೆಲಸಕ್ಕೆ ಒಪ್ಪಿಸೋಕೆ! ನೀನು ಸೀಮೆಎಣ್ಣೆ ಹಿಡ್ಕೊಂಡು ಹೊರಟಿದೀಯ!"

"ಮತ್ತೆ ಬಣ್ಣ?"

"ಊರಲ್ಲಿ ಹೆಚ್ಚಿನವರದ್ದು ಅದೇ ಕಸುಬಾಗಿದ್ರೆ ಅಡ್ಡಿಯಿಲ್ಲ, ಯಾರೂ ದಿಟ್ಟಿಸಲ್ಲ. ಇಲ್ಲಿ ಇರೋನು ಅವನೊಬ್ಬನೇ. ಏನ್ಮಾಡೋಣ?"

ಮನೆಗೆ ಬಂದು ಎಲ್ಲ ಹೇಳಿ ಮಂಕಾಗಿ ಕೂತೆ. ಫೊರ್ಟುನಾ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಒಬ್ಬನೇ ಇದ್ರೆ ತಾನೇ ತೊಂದ್ರೆ? ಮೊಟ್ಟಮೊದಲ ಗಂಗಾಳ ಮಾಡಿದ್ದು ಯಾವುದ್ರಿಂದ ಹೇಳಿ. ಹೆಂಗಸ್ರ ಕನ್ನಡಿಯಿಂದ! ಸಿಂಗಾರದ ಸಾಮಾನು ಅಂತ ಮೋಶೆ ಮೂಗು ಮುರಿದ, ದೇವ್ರು ಅದೇ ಬೇಕು ಅಂದ. ಈಗ್ಲೂ ನಾವೇ ನೋಡ್ಕೋತೀವಿ, ಸುಮ್ನಿರಿ."

ಶಾಲು ಹೊದ್ದು ಹೊರಟೇಬಿಟ್ಟಳು. ಬಾಗಿಲು ಬಾಗಿಲು ತಟ್ಟುವ ಸದ್ದು...

ಮೇ 29, ಗುರುವಾರ
ಬರೆಯಲು ಪುರುಸೊತ್ತಿಲ್ಲ. ದಿನವೂ ಸಂಜೆ ಇಡೀ ಓಣಿ ಎಲ್ಯಾಶೀಬನ ಅಂಗಡಿಯಲ್ಲಿ. ಗಂಡಸರು, ಹೆಂಗಸರು, ತಂತಮ್ಮ ಮನೆಯ ಶಾಲಿಗೆ ತಾವೇ ಉಣ್ಣೆನೂಲು ಅದ್ದುತ್ತೇವೆ. ನಾತವೋ ನಾತ! ಬಾನಿಯಿಂದ ಎತ್ತಿದಾಗ ನೂಲು ಹಳದಿ-ಹಸಿರು. ಗಾಳಿ ಸೋಕಿತೋ, ಕಣ್ಣೆದುರೇ ನೀಲಿ! ಪ್ರತಿಸಲವೂ ಕೇಕೆ.

ಒಬಾದ್ಯ ಮೂಗು ಮುಚ್ಚಿಕೊಂಡು ಬೈಯಲು ಬಂದಿದ್ದ. ಈಗ ಮೊಣಕೈವರೆಗೆ ಅವನೇ ನೀಲಿ.

ಇವತ್ತು ರಬ್ಬಿ ಬಂದರು. ಎಲ್ಲರ ಕೈ ನೋಡಿದರು. "ಇದು ಕಸುಬೋ, ನಾಟಕಾನೋ?"

ಫೊರ್ಟುನಾ ನೂಲಿನ ಲಡಿ ಎತ್ತಿ ತೋರಿಸಿದಳು. "ಬೆನ್ನು ಮುರಿದಿದೆ, ರಬ್ಬಿಗಳೇ. ನಾಟಕದವ್ರಿಗೆ ಬೆನ್ನು ನೋಯತ್ತಾ?"

ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು. "ಕಸುಬೇ ಕಣಮ್ಮ. ಶನಿವಾರ ವೇದಿಕೆ ಹತ್ತಲಿ ಹುಡುಗ."

ಹೂಜಿ ಮತ್ತೆ ಉಜ್ಜಿದೆ.

ಮೇ 31, ಶನಿವಾರ, ಸಬ್ಬತ್ ಮುಗಿದ ಮೇಲೆ
ಮೊದಲು ನನ್ನ ಕೈ ತೊಳೆದುಕೊಂಡೆ. ಆಮೇಲೆ ಅವನದಕ್ಕೆ ನೀರು ಹಾಕಿದೆ. ನಿಧಾನವಾಗಿ, ಮಣಿಕಟ್ಟಿನವರೆಗೆ. ನನ್ನ ಕೈ ನೀಲಿ, ಅವನದೂ ನೀಲಿ. ಬಣ್ಣ ಒಂದಿಷ್ಟೂ ಬಿಡಲಿಲ್ಲ.

ಹತ್ತಿದ. ತಿರುಗಿದ. ಕೈ ಎತ್ತಿದ. "ಪ್ರೀತಿಯಿಂದ ಆಶೀರ್ವದಿಸಲು" ಅನ್ನುವಲ್ಲಿ ದನಿ ಏರಿಸಿದ. ಯಾರೂ ದಿಟ್ಟಿಸಲಿಲ್ಲ. ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ನೀಲಿ ಕೈ ನೋಡಿಕೊಳ್ಳುತ್ತಿದ್ದರು. ಹೆಂಗಸರ ಕಡೆಯಿಂದ ಅವನ ಮಗಳ ಕೇಕೆ ಕೇಳಿಸಿತು. ಖಾಲಿ ಹೂಜಿ ತಬ್ಬಿಕೊಂಡು ಅತ್ತುಬಿಟ್ಟೆ, ಸುಳ್ಳೇಕೆ? ಇಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ— ಇದನ್ನು ಫೊರ್ಟುನಾ ಓದಬಾರದು.

ಅಡುಗೆಮನೆಯಿಂದ ಕೂಗುತ್ತಿದ್ದಾಳೆ. ಕೈಗೆ ಹಿಟ್ಟು ಮೆತ್ತಿದೆಯಂತೆ. ಈ ಸಲ ನಲ್ಲಿ ಬೇಡ, ಹೂಜಿಯಲ್ಲೇ ಹಾಕ್ತೀ—